ಸ್ಟೇಜ್ ಮ್ಯಾಲ ನೋಡ್ಕೋತೀನಿ ಬಿಡ್ರಿ

ಧಾರವಾಡದಲ್ಲಿ ಯಾವ ಹವ್ಯಾಸಿ ನಾಟಕದ ತಾಲೀಮಿಗೆ ಹೋದರೂ ಒಬ್ಬರಾದರೂ ಈ ಮಾತು ಹೇಳುತ್ತಾರೆ: "ಸ್ಟೇಜ್ ಮ್ಯಾಲ ನೋಡ್ಕೋತೀನಿ ಬಿಡ್ರಿ ಸರ." ಹೇಳುವವರು ಸೋಮಾರಿಗಳೇನಲ್ಲ. ದಿನವಿಡೀ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು, ಸಂಜೆ ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿದು ಬಂದವರು. ಆದರೂ ನಾಟಕ ಆಡಿಸುವವನಿಗೆ ಇದಕ್ಕಿಂತ ಹೆದರಿಕೆ ಹುಟ್ಟಿಸುವ ಮಾತು ಇನ್ನೊಂದಿಲ್ಲ.

ಇಂಪ್ರೊವ್ ಕಾಮಿಡಿ ಕಲಿಯಬೇಕು ಅಂತ ಬರುವ ಕಾಲೇಜಿನ ಹುಡುಗ ಹುಡುಗಿಯರು ಇನ್ನೂ ಮುಂದೆ ಹೋಗುತ್ತಾರೆ. ಅಲ್ಲಿ ಸ್ಕ್ರಿಪ್ಟ್ ಇರುವುದಿಲ್ಲ. ಪ್ರೇಕ್ಷಕರು ಕೊಟ್ಟ ಒಂದು ಮಾತು ಹಿಡಿದು ಅಲ್ಲೇ ದೃಶ್ಯ ಕಟ್ಟಬೇಕು. "ಸ್ಕ್ರಿಪ್ಟೇ ಇಲ್ಲಂದ್ರ ತಾಲೀಮು ಯಾಕ್ರಿ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅಂಥವರಿಗೆ ನಾನು ಮೊದಲು ಒಂದು ಹಳ್ಳಿ ನಾಟಕ ನೋಡಿಬನ್ನಿ ಅನ್ನುತ್ತೇನೆ.

ಹಾವೇರಿ, ಗದಗ ಕಡೆ ಜಾತ್ರೆಗೆ ನಾಟಕ ಹಾಕಿದರೆ ಗಂಡಸರ ಪಾರ್ಟು ಊರವರದ್ದು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಎಷ್ಟೋ ಸಲ ಅವರು ಬರುವುದು ನಾಟಕದ ದಿನವೇ. ಬ್ಯಾಗ್ ಇಳಿಸಿ, ಚಹಾ ಕುಡಿಯುತ್ತಲೇ ಮಾಸ್ತರರನ್ನು ಕೇಳುತ್ತಾರೆ: ನನ್ನ ಎಂಟ್ರಿ ಯಾವ ಮಾತಿಗೆ, ಯಾವ ಕಡೆಯಿಂದ, ಹಾಡು ಎಲ್ಲಿ ಬರುತ್ತದೆ? ಆಮೇಲೆ ಹಾರ್ಮೋನಿಯಂನವರ ಹತ್ತಿರ ಕೂತು ಶ್ರುತಿ ಗೊತ್ತು ಮಾಡಿಕೊಳ್ಳುತ್ತಾರೆ.

ರಾತ್ರಿ ನಾಟಕ ರಂಗೇರಿದೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ಹೀರೋ, ಎದುರಿಗೆ ಊರೇ ಕೂತದ್ದು ನೋಡಿ ಮಾತು ಮರೆಯುತ್ತಾನೆ. ಪರದೆ ಹಿಂದಿನಿಂದ ಪ್ರಾಂಪ್ಟರ್ ಕೂಗಿದ್ದು ಗಲಾಟೆಯಲ್ಲಿ ಅವನ ಕಿವಿಗೆ ಬೀಳುವುದಿಲ್ಲ. ಆಗ ಆ ಕಲಾವಿದೆ ಎರಡು ಹೆಜ್ಜೆ ಹತ್ತಿರ ಬಂದು, ಅವನು ಹೇಳಬೇಕಾದ ಮಾತನ್ನೇ ಪ್ರಶ್ನೆ ಮಾಡಿ ಕೇಳುತ್ತಾರೆ: "ಅಂದ್ರ, ತಮ್ಮನ ಸಾಲ ತೀರ್ಸಾಕ ಇದ್ದ ಒಂದು ಮನೀನೂ ಮಾರ್ತೀರೇನು?" ಅವನು "ಹೌದು, ಮಾರ್ತೇನಿ!" ಅಂದರೆ ಸಾಕು, ಮುಂದಿನದು ತಾನೇ ಬರುತ್ತದೆ. ಚಪ್ಪಾಳೆ ಮಾತ್ರ ಅವನಿಗೆ.

ಸ್ಟೇಜ್ ಮೇಲೆ ನೋಡಿಕೊಳ್ಳುವುದು ಅಂದರೆ ಇದು. ಆದರೆ ಅವರು ಅಲ್ಲಿ ಸುಮ್ನೆ ಬಂದು ನಿಂತಿಲ್ಲ. ಎದುರಿನವನ ಪಾರ್ಟನ್ನೂ ಓದಿಕೊಂಡಿದ್ದಾರೆ. ಸಾಲ, ತಂಗಿಯ ಮದುವೆ, ಗೌಡನ ದರ್ಪ, ಇಂಥ ನಾಟಕ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತು. ಎಲ್ಲಕ್ಕಿಂತ ಜಾಸ್ತಿ, ಅವನು ಮಾತಾಡುವಾಗ ಕೇಳಿಸಿಕೊಂಡಿದ್ದಾರೆ. ನಮ್ಮ ಹವ್ಯಾಸಿಗಳಲ್ಲಿ ಹೆಚ್ಚಿನವರು ಎದುರಿನವರ ಮಾತು ಯಾವಾಗ ಮುಗಿಯುತ್ತದೆ ಅಂತ ಕಾಯುತ್ತಿರುತ್ತಾರೆ, ಅಷ್ಟೇ. ಇಂಥ ಕಲಾವಿದೆಯರ ಬಗ್ಗೆ "ದುಡ್ಡಿಗೆ ಬಂದವರು" ಅಂತ ಹಗುರಾಗಿ ಆಡುವುದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದಲ್ಲಿ ಆಟ ನಡೆಸಿಕೊಡುವ ಸಾರಥಿಯದೂ ಇದೇ ಕಸುಬು. ಬಂದ ಪಾತ್ರವನ್ನು ತಾವು ಯಾರು, ಎಲ್ಲಿಂದ ಬಂದಿರಿ ಅಂತ ಮಾತಿಗೆಳೆದು, ಊರಿನ ಸುದ್ದಿ ಸೇರಿಸಿ ನಗಿಸುತ್ತಾನೆ. ಆದರೆ ಕಥೆಯ ಎಳೆ ಬಿಡುವುದಿಲ್ಲ. ಇಡೀ ಆಟ ತಲೆಯಲ್ಲಿ ಇಲ್ಲದವನಿಂದ ಅದು ಆಗುವ ಕೆಲಸವೇ ಅಲ್ಲ.

ಅಮೆರಿಕದಲ್ಲೂ ಇಂಪ್ರೊವ್ ಹುಟ್ಟಿದ್ದು ಉಡಾಫೆಯಿಂದಲ್ಲ. ಶಿಕಾಗೋದಲ್ಲಿ ವಯೋಲಾ ಸ್ಪೋಲಿನ್ ಮಕ್ಕಳಿಗೆ ನಾಟಕ ಕಲಿಸಲು ಆಟಗಳನ್ನು ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ ಸೇರಿ 1959ರಲ್ಲಿ ಅದೇ ಊರಲ್ಲಿ ಸೆಕೆಂಡ್ ಸಿಟಿ ಅನ್ನುವ ಕಾಮಿಡಿ ರಂಗತಂಡ ಶುರುಮಾಡಿದರು. ಅಲ್ಲಿ ಥಟ್ಟನೆ ಹೊಳೆದದ್ದನ್ನು ಹಾಗೇ ಬಿಡುವುದಿಲ್ಲ. ಪ್ರೇಕ್ಷಕರ ಮುಂದೆ ಮತ್ತೆ ಮತ್ತೆ ಆಡಿ, ತಿದ್ದಿ, ನಿಂತದ್ದನ್ನು ಮಾತ್ರ ಮುಖ್ಯ ಪ್ರದರ್ಶನಕ್ಕೆ ತರುತ್ತಾರೆ.

ಇಂಪ್ರೊವ್‌ನಲ್ಲಿ ಮೊದಲು ಕಲಿಯುವುದು, ಜೊತೆಗಾರ ಹೇಳಿದ್ದನ್ನು ಒಪ್ಪಿಕೊಂಡು ಅದಕ್ಕೆ ಒಂದಿಷ್ಟು ಸೇರಿಸುವುದು. ಕೇಳಲು ಸುಲಭ, ಅಲ್ವಾ? ಒಬ್ಬ ಬಂದು, "ಡಾಕ್ಟರ್ ಸಾಹೇಬ್ರ, ನಮ್ಮ ಎಮ್ಮಿ ಮೂರು ದಿನಾತು ಮೇವು ಮುಟ್ಟವಲ್ದು" ಅನ್ನುತ್ತಾನೆ. ಇನ್ನೊಬ್ಬ, "ನಾ ಡಾಕ್ಟರ್ ಅಲ್ಲೋ, ಕಂಡಕ್ಟರ್! ಟಿಕೆಟ್ ತಗೋ" ಅಂದುಬಿಡುತ್ತಾನೆ. ಎಲ್ಲರೂ ನಗುತ್ತಾರೆ. ಮುಂದೇನು? ಎಮ್ಮೆ ಹೋಯಿತು, ಡಾಕ್ಟರೂ ಹೋದರು. ಮೊದಲಿನವನು ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ.

ಅದರ ಬದಲು ಡಾಕ್ಟರು ಗಂಭೀರವಾಗಿ, "ಮನ್ಯಾಗ ಅದಕ್ಕ ಯಾರರ ಏನರ ಅಂದಾರೇನು?" ಅಂತ ಕೇಳಲಿ. "ಹೂಂನ್ರಿ, ನಮ್ಮವ್ವ ಅಂದಾಳ್ರಿ, ಹಾಲು ನೀರಾಗೇತಿ ಅಂತ." ಈಗ ಒಬ್ಬ ಅವ್ವ ಬಂದಳು, ಮುನಿಸಿಕೊಂಡ ಎಮ್ಮೆ ಬಂತು, ಇಬ್ಬರ ನಡುವೆ ರಾಜಿ ಮಾಡಿಸಬೇಕಾದ ಡಾಕ್ಟರ್ ಇದ್ದಾರೆ. ಹತ್ತು ನಿಮಿಷದ ದೃಶ್ಯಕ್ಕೆ ಇಷ್ಟು ಸಾಕು. ಬಾಯಿಗೆ ಬಂದ ಜೋಕನ್ನು ನುಂಗಿಕೊಂಡು ಜೊತೆಗಾರನನ್ನು ನಿಲ್ಲಿಸುವ ಈ ಅಭ್ಯಾಸ ವಾರವಾರ ಕೂಡಿ ಆಡದೆ ಬರುವುದಿಲ್ಲ. ನನ್ನ ಅನುಭವದಲ್ಲಿ ಇದು ಎಲ್ಲರಿಗಿಂತ ಕಷ್ಟವಾಗುವುದು ಗೆಳೆಯರ ಗುಂಪಿನಲ್ಲಿ ಜಾಣ ಮಾತುಗಾರ ಅನ್ನಿಸಿಕೊಂಡವರಿಗೆ.

ದುಡ್ಡಿಲ್ಲದ ನಾಟಕಕ್ಕೆ ಇಷ್ಟೆಲ್ಲ ಯಾಕೆ ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ. ಈ ಕಡೆ ನಾಟಕವನ್ನು ಎತ್ತಿ ಹಿಡಿದವರಲ್ಲಿ ಎಷ್ಟೋ ಜನ ಬೇರೆ ಕೆಲಸದಲ್ಲಿದ್ದವರೇ. ನಾಟಕಕಾರ ಶ್ರೀರಂಗರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಸಣ್ಣ ಊರಿನಲ್ಲಿ ರಂಗಮಂದಿರವೇ ಇದೆ. ಹೊಲಮನೆ ನೋಡಿಕೊಳ್ಳುವವರೇ ಅಲ್ಲಿ ಬಣ್ಣ ಹಚ್ಚುತ್ತಾರೆ.

ನಮ್ಮ ತಂಡದಲ್ಲಿ ಒಂದೇ ಕಟ್ಟುನಿಟ್ಟು. ಆರೂವರೆ ಅಂದರೆ ಆರೂವರೆಗೆ, ಎಷ್ಟು ಜನ ಬಂದಿದ್ದಾರೋ ಅಷ್ಟರಲ್ಲೇ ತಾಲೀಮು ಶುರು. ಬಾರದವರ ಪಾರ್ಟನ್ನು ಬಂದವರು ಓದುತ್ತಾರೆ, ಸಾಮಾನ್ಯವಾಗಿ ಮಾತಿಲ್ಲದ ಪಾತ್ರ ಸಿಕ್ಕವರು. ಎರಡು ವಾರ ಹೀಗೇ ನಡೆದರೆ ಆ ಪಾರ್ಟು ಓದಿದವರಿಗೇ ಹೋಗುತ್ತದೆ. ನರ್ಸ್, ಪೊಲೀಸ್, ರೈಲ್ವೆಯವರಿಗೆ ಪಾಳಿ ಬದಲಾಗುತ್ತಿರುತ್ತದೆ. ಅವರು ಬರುವ ದಿನಗಳನ್ನು ಮೊದಲ ರೀಡಿಂಗ್ ದಿನವೇ ಬರೆದುಕೊಂಡು, ಅವರ ದೃಶ್ಯಗಳನ್ನು ಅದಕ್ಕೆ ಸರಿಯಾಗಿ ಹಾಕಿಕೊಳ್ಳುತ್ತೇವೆ.