ಶಾಫ್ಟ್ ಮುರಿದರೆ ಹೌಸಿಂಗ್ ನೋಡಿ

ಶಿರಾಡಿ ಘಾಟಿಯಲ್ಲಿ ಓಡುವ ಆರು ಚಕ್ರದ ಲಾರಿಯ ಮಾಲೀಕರೊಬ್ಬರು ನನ್ನ ಗ್ಯಾರೇಜಿಗೆ ಬಂದಿದ್ದರು. ಹಿಂದಿನ ಆಕ್ಸಲ್ ಶಾಫ್ಟ್ ಆರು ತಿಂಗಳಲ್ಲಿ ಎರಡು ಸಲ ತುಂಡಾಗಿತ್ತು. "ಇನ್ನೂ ದೊಡ್ಡ ಆಕ್ಸಲ್ ಕೂರಿಸಿಬಿಡಿ" ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಎರಡು ಸಲವೂ ಮುರಿದದ್ದು ಒಂದೇ ಬದಿಯದೇ? ಹೌದು, ಎಡಬದಿಯದು.

ಇಂಥ ಲಾರಿಗಳಲ್ಲಿ ಶಾಫ್ಟ್ ಭಾರ ಹೊರುವುದಿಲ್ಲ. ಸರಕಿನ ತೂಕವೆಲ್ಲ ಹೌಸಿಂಗ್ (ಶಾಫ್ಟನ್ನು ಸುತ್ತುವರಿದ ಉಕ್ಕಿನ ಕವಚ) ಮತ್ತು ಚಕ್ರದ ನಡುವಿನ ಹಬ್ ಬೇರಿಂಗುಗಳ ಮೇಲೆ. ಚಕ್ರ ತಿರುಗಿಸುವುದಷ್ಟೇ ಶಾಫ್ಟಿನ ಕೆಲಸ. ಚಕ್ರ ಬಿಚ್ಚದೆಯೇ ಅದನ್ನು ಹೊರಗೆಳೆಯಲು ಬರುವುದು ಅದಕ್ಕೇ. ಏರಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಶಾಫ್ಟ್ ತಿರುಚಿಕೊಂಡು ಮುರಿಯಬಹುದು. ಆದರೆ ಒಂದೇ ಬದಿಯಲ್ಲಿ ಮತ್ತೆ ಮತ್ತೆ ಮುರಿದರೆ ನನ್ನ ಅನುಮಾನ ಹೌಸಿಂಗ್ ಮೇಲೆ. ಅದು ಬಾಗಿದ್ದರೆ ಚಕ್ರದ ಪ್ರತಿ ಸುತ್ತಿಗೂ ಶಾಫ್ಟ್ ತುಸು ಬಾಗುತ್ತದೆ, ಕೊನೆಗೆ ಸೋತು ಬಿರುಕು ಬಿಡುತ್ತದೆ. ಎಡಗಡೆಯ ಒಳಟೈರಿನ ಒಳಅಂಚು ಬೇಗ ಸವೆದಿತ್ತು. ಅಳೆದು ನೋಡಿದರೆ ಹೌಸಿಂಗ್ ಬಾಗಿದ್ದೂ ನಿಜವಾಯಿತು.

ಬಾಗಿದ ಹೌಸಿಂಗನ್ನು ಕಾಯಿಸಿ ನೆಟ್ಟಗೆ ಮಾಡಿಸಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಯಿಸಿದ ಜಾಗದ ಉಕ್ಕಿಗೆ ಮೊದಲಿನ ಬಲ ಉಳಿಯುತ್ತದೆಂಬ ಭರವಸೆ ಇಲ್ಲ. ಘಾಟಿಯ ಇಳಿಜಾರಿನಲ್ಲಿ ಅದು ಕೈಕೊಟ್ಟರೆ ಹೋಗುವುದು ಚಾಲಕನ ಜೀವ.

ಹಾಗಾದರೆ ದೊಡ್ಡ ಆಕ್ಸಲ್? ಸ್ಪ್ರಿಂಗ್ ಪ್ಲೇಟು, ಚಾಸಿ, ಟೈರುಗಳೆಲ್ಲ ಹಳೆಯವೇ ಆಗಿರುತ್ತವೆ. ಸ್ಪ್ರಿಂಗ್ ಕೂರುವ ಅಂತರ, ಬ್ರೇಕ್ ಡ್ರಮ್ಮಿನ ಅಳತೆ, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜ್ (ಜೋಡಿಸುವ ತಟ್ಟೆ) ಎಲ್ಲವೂ ಹೊಂದಬೇಕು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವಂತೂ ಆಕ್ಸಲ್ ಬದಲಿಸಿದ ಮಾತ್ರಕ್ಕೆ ಏರುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಅದರಿಂದ ಹಳೆಯ ಹೌಸಿಂಗುಗಳ ಉಕ್ಕೇನೂ ದಪ್ಪವಾಗಲಿಲ್ಲ.

ಓಡುವ ದಾರಿ ಬದಲಾದಾಗ ಮಾತ್ರ ಮೇಲ್ದರ್ಜೆಯ ಮಾತು ಕೇಳುತ್ತೇನೆ. ಆಗಲೂ ನೋಡಬೇಕಾದದ್ದು ಗಾತ್ರಕ್ಕಿಂತ ಹೆಚ್ಚಾಗಿ ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕೆಂಬ ಲೆಕ್ಕ. ಆಕ್ಸಲ್ ನಡುವಿನ ದೊಡ್ಡ ಹಲ್ಲುಚಕ್ರವಾದ ಕ್ರೌನಿಗೆ 41 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ನಿಗೆ 6 ಹಲ್ಲು ಇದ್ದರೆ ರೇಷಿಯೋ 6.83, ಏರಿಗೆ ಒಳ್ಳೆಯದು. ಪಿನಿಯನ್ನಿಗೆ 7 ಹಲ್ಲಾದರೆ 5.86, ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ. 14ರಷ್ಟು ಕಡಿಮೆ ಸುತ್ತುತ್ತದೆ, ಸಮತಟ್ಟು ಹೆದ್ದಾರಿಯಲ್ಲಿ ಡೀಸೆಲ್ ಉಳಿಯುತ್ತದೆ. ಬದಲಿಸುವುದಾದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಒಂದನ್ನು ಮಾತ್ರ ಹೊಸದು ಹಾಕಿದರೆ ಹಲ್ಲುಗಳು ಸರಿಯಾಗಿ ಕಚ್ಚದೆ ಊಳಿಡುತ್ತವೆ, ಬೇಗ ಹಾಳಾಗುತ್ತವೆ.

ಈ ಲಾರಿ ಘಾಟಿಯಲ್ಲೇ ಓಡಬೇಕಿತ್ತು. ಅದೇ ಅಳತೆಯ ಹೊಸ ಹೌಸಿಂಗ್, ಹೊಸ ಶಾಫ್ಟ್, ಹೊಸ ಹಬ್ ಬೇರಿಂಗ್ ಹಾಕಿದೆವು. ಹಳೆಯ ಕ್ರೌನ್ ಪಿನಿಯನ್ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದಾಗ ಕಚ್ಚಿದ ಗುರುತು ಸರಿಯಾದ ಜಾಗದಲ್ಲೇ ಮೂಡಿತು, ಅದನ್ನೇ ಉಳಿಸಿಕೊಂಡೆವು.