ಗಾಯದ ನಂತರ ಮತ್ತೆ ದೂರದ ಓಟ: ಉಸಿರು ಮೊದಲು, ಮೂಳೆ ಆಮೇಲೆ

ದೂರದ ಓಟಗಾರರಿಗೆ ಆಗುವ ಗಾಯಗಳಲ್ಲಿ ಬಹುಪಾಲು ಬಿದ್ದೋ ಡಿಕ್ಕಿ ಹೊಡೆದೋ ಆದವಲ್ಲ. ಒಂದೇ ಬಗೆಯ ಹೊರೆ ಒಂದೇ ಜಾಗದ ಮೇಲೆ ಸಾವಿರಾರು ಸಲ ಬಿದ್ದು, ಆ ಜಾಗಕ್ಕೆ ದುರಸ್ತಿಯ ಬಿಡುವು ಸಿಗದೆ ಹೋದಾಗ ಅವು ಹುಟ್ಟುತ್ತವೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲವು ಪಾದವನ್ನು ದೇಹತೂಕದ ಸುಮಾರು 2ರಿಂದ 3 ಪಟ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ಪಟ್ಟಿಯೇ ಸ್ನಾಯುರಜ್ಜು; ಹಿಮ್ಮಡಿಯ ಹಿಂದಿರುವ ಅಕಿಲಿಸ್ ಸ್ನಾಯುರಜ್ಜುವಿನ ಮೇಲೆ ಬೀಳುವ ಎಳೆತ ದೇಹತೂಕದ 6 ಪಟ್ಟನ್ನೂ ಮೀರಬಹುದು. ಒಂದು ಗಂಟೆಯ ಓಟದಲ್ಲಿ ಎರಡೂ ಕಾಲು ಸೇರಿ ಸುಮಾರು ಹತ್ತು ಸಾವಿರ ಹೆಜ್ಜೆಗಳಾಗುತ್ತವೆ. ಆದ್ದರಿಂದ ಓಟಕ್ಕೆ ಮರಳುವವರು ಕೇಳಿಕೊಳ್ಳಬೇಕಾದದ್ದು ನೋವು ಹೋಯಿತೇ ಎಂದಷ್ಟೇ ಅಲ್ಲ, ಗಾಯವಾದ ಜಾಗ ಈಗ ಎಷ್ಟು ಹೊರೆ ತಾಳಬಲ್ಲದು ಎಂದು.

ಈ ಟಿಪ್ಪಣಿಯ ಉದ್ದಕ್ಕೂ ನೆನಪಿಡಬೇಕಾದ ಸಂಗತಿ ಒಂದೇ. ಹೃದಯ, ರಕ್ತ ಮತ್ತು ಉಸಿರಾಟಕ್ಕೆ ಸಂಬಂಧಿಸಿದ ಸಾಮರ್ಥ್ಯ ಬೇಗ ಇಳಿಯುತ್ತದೆ, ಬೇಗ ಮರಳುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ತಿಂಗಳುಗಳ ಲೆಕ್ಕದಲ್ಲಿ ಬದಲಾಗುತ್ತವೆ. ಹೀಗಾಗಿ ಅಪಾಯದ ಕಾಲವೆಂದರೆ ಏದುಸಿರು ಬಿಡುತ್ತ ಓಡುವ ಮೊದಲ ವಾರವಲ್ಲ. ಉಸಿರು ಹತೋಟಿಗೆ ಬಂದು, ಹಳೆಯ ವೇಗ ಸಲೀಸಾಗಿ ಸಿಗತೊಡಗಿ, ಕಾಲುಗಳು ಮಾತ್ರ ಇನ್ನೂ ಹಿಂದೆಯೇ ಉಳಿದಿರುವ ಆಮೇಲಿನ ವಾರಗಳು ಹೆಚ್ಚು ಅಪಾಯಕಾರಿ.

ಬಿಡುವಿನಲ್ಲಿ ಏನು ಇಳಿಯುತ್ತದೆ

1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರವಾಗಿ ನಿಂತಿದೆ. ಚೆನ್ನಾಗಿ ತರಬೇತಾದ ಕ್ರೀಡಾಪಟುಗಳು 84 ದಿನ ಅಭ್ಯಾಸ ನಿಲ್ಲಿಸಿದಾಗ, ದೇಹವು ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ, ಅಂದರೆ ಓಟಗಾರರು ವಿಓಟು ಮ್ಯಾಕ್ಸ್ ಎನ್ನುವ ಅಳತೆ, ಮೊದಲ ಮೂರು ವಾರಗಳಲ್ಲಿ ಸುಮಾರು ಶೇ 7ರಷ್ಟು ಕುಸಿಯಿತು. ಎಂಟು ವಾರಗಳ ಹೊತ್ತಿಗೆ ಶೇ 16ರಷ್ಟು ಕೆಳಗಿಳಿದು ಅಲ್ಲಿಗೆ ನಿಂತಿತು. ಮೊದಲ ಹಂತದ ಕುಸಿತಕ್ಕೆ ಮುಖ್ಯ ಕಾರಣ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಡಿಮೆಯಾಗಿ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣ ಇಳಿಯುವುದು. ನಂತರದ ಕುಸಿತಕ್ಕೆ ಸ್ನಾಯುಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಕಿಣ್ವಗಳು ಕಡಿಮೆಯಾಗುವುದು ಕಾರಣ. ಗಮನಿಸಬೇಕಾದ ಅಂಶವೆಂದರೆ, ವರ್ಷಗಳ ಅಭ್ಯಾಸದಿಂದ ಸ್ನಾಯುಗಳಲ್ಲಿ ಬೆಳೆದಿದ್ದ ಸೂಕ್ಷ್ಮ ರಕ್ತನಾಳಗಳ ಜಾಲ ಆ ಮೂರು ತಿಂಗಳಲ್ಲಿ ಕುಗ್ಗಲಿಲ್ಲ. ಎಲ್ಲವೂ ಕೈಬಿಟ್ಟು ಹೋಯಿತು ಎಂದು ಹತಾಶರಾಗುವವರು ಈ ಒಂದು ಅಂಶವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ಲಾಸ್ಮಾ ಕಳೆದುಹೋದಷ್ಟೇ ಬೇಗ ಮರಳುತ್ತದೆ. ಅಭ್ಯಾಸ ಶುರುವಾದ ಒಂದೆರಡು ವಾರಗಳಲ್ಲೇ ಅದರ ಹೆಚ್ಚಳ ಕಾಣತೊಡಗುತ್ತದೆ. ಓಡಲಾಗದ ಅವಧಿಯಲ್ಲೂ ಈ ಸಾಮರ್ಥ್ಯವನ್ನು ಸಾಕಷ್ಟು ಉಳಿಸಿಕೊಳ್ಳಬಹುದು. ಪಾದ ತಳಕ್ಕೆ ತಾಗದಷ್ಟು ಆಳದ ನೀರಿನಲ್ಲಿ ತೇಲುಪಟ್ಟಿ ಕಟ್ಟಿಕೊಂಡು ಓಡುವ ಅಭ್ಯಾಸವನ್ನು ನಾಲ್ಕರಿಂದ ಆರು ವಾರಗಳವರೆಗೆ ಪರೀಕ್ಷಿಸಿದ ಪ್ರಯೋಗಗಳಲ್ಲಿ, ತರಬೇತಾದ ಓಟಗಾರರ ಸಾಮರ್ಥ್ಯ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಸೈಕಲ್ ತುಳಿಯುವುದೂ ನೆರವಾಗುತ್ತದೆ. ಆದರೆ ಇವೆರಡೂ ಮೂಳೆಗೆ ಬಡಿತದ ಹೊರೆ ಕೊಡುವುದಿಲ್ಲ. ಅಂದರೆ ಬಿಡುವಿನಲ್ಲಿ ಶ್ರದ್ಧೆಯಿಂದ ಸೈಕಲ್ ತುಳಿದವರಲ್ಲಿ ಉಸಿರಿಗೂ ಕಾಲಿಗೂ ನಡುವಿನ ಅಂತರ ಇನ್ನಷ್ಟು ಹಿಗ್ಗಿರುತ್ತದೆ. ಅಂಥವರು ಮರಳುವಾಗ ಉಳಿದವರಿಗಿಂತ ಹೆಚ್ಚು ಸಂಯಮ ತೋರಬೇಕಾಗುತ್ತದೆ.

ಮೂಳೆ ಮತ್ತು ಸ್ನಾಯುರಜ್ಜುಗಳ ಲೆಕ್ಕ

ಮೂಳೆಯು ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ನಿಯಮರೂಪದಲ್ಲಿ ಮಂಡಿಸಿದರು. ಆ ಬದಲಾವಣೆ ನಡೆಯುವ ಕ್ರಮದಲ್ಲೇ ಓಟಗಾರರ ತೊಡಕು ಅಡಗಿದೆ. ದಣಿದ ಮೂಳೆಯ ಭಾಗವನ್ನು ಒಂದು ಬಗೆಯ ಜೀವಕೋಶಗಳು ಮೊದಲು ಕರಗಿಸಿ ತೆಗೆಯುತ್ತವೆ. ಇದಕ್ಕೆ ಕೆಲವೇ ವಾರಗಳು ಸಾಕು. ಆ ಖಾಲಿ ಜಾಗವನ್ನು ಇನ್ನೊಂದು ಬಗೆಯ ಕೋಶಗಳು ಹೊಸ ಮೂಳೆಯಿಂದ ತುಂಬುತ್ತವೆ. ಇದಕ್ಕೆ ಸುಮಾರು ಮೂರು ತಿಂಗಳು ಬೇಕಾಗುತ್ತದೆ. ಹಳೆ ಗೋಡೆಯನ್ನು ಕೆಡವುವ ಕೆಲಸ ಬೇಗ ಮುಗಿದು, ಹೊಸದನ್ನು ಕಟ್ಟುವ ಕೆಲಸ ನಿಧಾನವಾಗಿ ಸಾಗುವ ಮನೆಯಂತೆ, ಹೊರೆ ಹೆಚ್ಚಿದ ಮೊದಲ ಕೆಲವು ವಾರಗಳಲ್ಲಿ ಮೂಳೆ ಮೊದಲಿಗಿಂತ ಬಲಹೀನವಾಗಿರುತ್ತದೆ. ಆ ಹೊತ್ತಿನಲ್ಲೇ ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸಿದರೆ ಸೂಕ್ಷ್ಮ ಬಿರುಕುಗಳು ಕೂಡಿಕೊಂಡು, ನಾವು ಸ್ಟ್ರೆಸ್ ಫ್ರಾಕ್ಚರ್ ಎಂದು ಕರೆಯುವ ಗಾಯದತ್ತ ಸಾಗುತ್ತವೆ.

ಸ್ನಾಯುರಜ್ಜುವಿನ ಕಥೆ ಇನ್ನೂ ಕುತೂಹಲಕರವಾಗಿದೆ. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಏರಿ, ನಂತರ ಇಳಿಯಿತು. ಒಂದು ಅಂಗಾಂಶದಲ್ಲಿರುವ ಆ ಇಂಗಾಲವನ್ನು ಅಳೆದರೆ ಅಂಗಾಂಶ ಯಾವ ಕಾಲದಲ್ಲಿ ರೂಪುಗೊಂಡಿತೆಂದು ಊಹಿಸಬಹುದು. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಈ ಬಗೆಯಿಂದ ಅಕಿಲಿಸ್ ಸ್ನಾಯುರಜ್ಜುವನ್ನು ಪರೀಕ್ಷಿಸಿ, ಅದರ ಒಳತಿರುಳು ಸುಮಾರು 17ನೆಯ ವಯಸ್ಸಿನ ನಂತರ ಬಹುತೇಕ ನವೀಕರಣಗೊಳ್ಳುವುದೇ ಇಲ್ಲ ಎಂದು ಕಂಡುಕೊಂಡರು. ಇದರಿಂದ ತಿಳಿಯುವುದೇನೆಂದರೆ, ಕೆಟ್ಟ ಭಾಗ ಹೋಗಿ ಅಷ್ಟೇ ಚೊಕ್ಕವಾದ ಹೊಸ ಭಾಗ ಬರಲಿ ಎಂದು ಕಾಯುತ್ತ ಕೂರುವುದು ವ್ಯರ್ಥ. ಕ್ರಮವಾಗಿ ಹೊರೆ ಕೊಟ್ಟು ಇಡೀ ರಜ್ಜು ಮತ್ತು ಅದನ್ನು ಎಳೆಯುವ ಮೀನಖಂಡದ ಸ್ನಾಯುವಿನ ತಾಳಿಕೆಯನ್ನು ಹೆಚ್ಚಿಸುವುದೇ ದಾರಿ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ವಿವರಿಸಿದ ಕ್ರಮ ಇದಕ್ಕೆ ಹೆಸರಾಗಿದೆ: ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮೊಣಕಾಲು ನೇರವಾಗಿಟ್ಟು 15 ಸಲದ 3 ಸರದಿ, ಮಡಿಸಿ 15 ಸಲದ 3 ಸರದಿ, ದಿನಕ್ಕೆ ಎರಡು ಹೊತ್ತು, 12 ವಾರ. ಭಾರ ಹೊತ್ತು ನಿಧಾನವಾಗಿ ಮಾಡುವ ವ್ಯಾಯಾಮಗಳೂ ಇದಕ್ಕೆ ಸಮನಾದ ಫಲ ಕೊಡುತ್ತವೆಂದು ನಂತರ ತಿಳಿದುಬಂದಿದೆ. ಹಾಗಾಗಿ ಯಾವ ಕ್ರಮ ಎಂಬುದಕ್ಕಿಂತ ಅದನ್ನು ವಾರಗಟ್ಟಲೆ ಬಿಡದೆ ಮಾಡುವುದೇ ಮುಖ್ಯವೆಂದು ನನಗನಿಸುತ್ತದೆ.

ನೋವನ್ನು ಓದುವ ಬಗೆ

ಮರಳುವ ಓಟಗಾರರಿಗೆ ಅತ್ಯಂತ ಉಪಯುಕ್ತವಾದ, ಹಾಗೆಯೇ ತಪ್ಪಾಗಿ ಬಳಕೆಯಾಗುವ ವಿಷಯ ಇದು. ಅಕಿಲಿಸ್ ರಜ್ಜುವಿನ ತೊಂದರೆಯಿದ್ದವರ ಮೇಲೆ ಕರಿನ್ ಸಿಲ್ಬರ್ನಾಗೆಲ್ ಮತ್ತು ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನವರಿಗೆ ಚಿಕಿತ್ಸೆಯ ಮೊದಲ ವಾರಗಳಲ್ಲೂ ಓಟ ಮತ್ತು ಜಿಗಿತಗಳನ್ನು ಮುಂದುವರಿಸಲು ಬಿಡಲಾಯಿತು. ಷರತ್ತುಗಳು ಸ್ಪಷ್ಟವಾಗಿದ್ದವು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಐದನ್ನು ಮೀರಬಾರದು. ಮರುದಿನ ಬೆಳಿಗ್ಗೆಯ ಹೊತ್ತಿಗೆ ತಗ್ಗಿರಬೇಕು. ವಾರದಿಂದ ವಾರಕ್ಕೆ ನೋವಾಗಲಿ ಬಿಗಿತವಾಗಲಿ ಹೆಚ್ಚಬಾರದು. ಈ ಷರತ್ತುಗಳೊಳಗೆ ಓಡಿದವರು, ಓಟ ನಿಲ್ಲಿಸಿದವರಿಗಿಂತ ಹಿಂದೆ ಬೀಳಲಿಲ್ಲ. ಸ್ನಾಯುರಜ್ಜು ಹೊರೆ ಬಿದ್ದ ಕ್ಷಣಕ್ಕಿಂತ ಮರುದಿನ ಹೆಚ್ಚು ನಿಜ ಹೇಳುತ್ತದೆ. ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗಳ ಬಿಗಿತವನ್ನು ದಿನವೂ ಬರೆದಿಡುವುದು ಕೈಗಡಿಯಾರ ತೋರಿಸುವ ಯಾವ ಅಂಕಿಗಿಂತಲೂ ಬೆಲೆಯುಳ್ಳದ್ದು.

ಆದರೆ ಈ ನಿಯಮ ಹುಟ್ಟಿದ್ದು ಸ್ನಾಯುರಜ್ಜುವಿಗಾಗಿ. ಮೂಳೆಯ ನೋವಿಗೆ ಅದನ್ನು ಅನ್ವಯಿಸಿ, ಐದರೊಳಗಿದೆ ಎಂದು ಓಡುವುದು ಗಂಭೀರ ಪ್ರಮಾದ. ಎರಡರ ನಡವಳಿಕೆ ಬೇರೆ. ರಜ್ಜುವಿನ ನೋವು ಓಟದ ಆರಂಭದಲ್ಲಿ ಕಾಡಿ, ಮೈ ಬಿಸಿಯಾದಂತೆ ಸಡಿಲಗೊಂಡು, ಓಟ ಮುಗಿದ ಮೇಲೆ ಮರಳುವುದು ಸಾಮಾನ್ಯ. ಮೂಳೆಯ ನೋವು ಓಡಿದಷ್ಟೂ ಏರುತ್ತದೆ, ಒಂದು ಬೆರಳಿನಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ಒತ್ತಿದಾಗ ಚುರುಕೆನ್ನುತ್ತದೆ, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ಸಿಡಿಯುತ್ತದೆ. ಮುಂದುವರಿದಂತೆ ನಡೆಯುವಾಗಲೂ, ರಾತ್ರಿ ಮಲಗಿದಾಗಲೂ ಕಾಣಿಸಿಕೊಳ್ಳುತ್ತದೆ. ತೊಡೆಮೂಳೆಯ ಕುತ್ತಿಗೆಯ ಭಾಗ ಮಾತ್ರ ಇದಕ್ಕೆ ಹೊರತು: ಅದು ಆಳದಲ್ಲಿರುವುದರಿಂದ ಒತ್ತಿ ನೋಡಲು ಸಿಗುವುದಿಲ್ಲ, ತೊಡೆಸಂದಿಯಲ್ಲಿ ಎಲ್ಲೋ ಮಂಕಾಗಿ ನೋಯುತ್ತದೆ. ಆ ಭಾಗದ ಮೇಲ್ಬದಿ, ಮೊಣಕಾಲ ಕೆಳಗಿನ ದೊಡ್ಡ ಮೂಳೆಯ ಮುಂಬದಿ, ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆ, ಕಿರುಬೆರಳಿನ ಕಡೆಯ ಐದನೆಯ ಪಾದಮೂಳೆಯ ಬುಡ, ಇವುಗಳನ್ನು ಹೆಚ್ಚಿನ ಅಪಾಯದ ಜಾಗಗಳೆಂದು ವೈದ್ಯರು ಎಣಿಸುತ್ತಾರೆ. ಇಲ್ಲಿನ ಬಿರುಕುಗಳು ಸುಲಭವಾಗಿ ಕೂಡುವುದಿಲ್ಲ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತವೆ. ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇ ಏನನ್ನೂ ತೋರಿಸದೆ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಓಟ ಶುರು ಮಾಡುವಂತಿಲ್ಲ; ಅನುಮಾನವಿದ್ದರೆ ಎಂಆರ್‌ಐ ಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರಿಕೆಗೆ ಎದುರಾಗಿ ಜೋನ್ ಬೆನೊಯ್ಟ್ ಅವರ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. 1984ರ ಅಮೆರಿಕದ ಒಲಿಂಪಿಕ್ ಮ್ಯಾರಥಾನ್ ಆಯ್ಕೆ ಓಟಕ್ಕೆ ಕೇವಲ 17 ದಿನ ಮೊದಲು ಅವರ ಮೊಣಕಾಲಿಗೆ ಕೀಲುದರ್ಶಕದ ಮೂಲಕ ಶಸ್ತ್ರಚಿಕಿತ್ಸೆಯಾಯಿತು. ಆಯ್ಕೆ ಓಟ ಗೆದ್ದ ಅವರು ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನನ್ನು 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು. ಉದಾಹರಣೆ ನಿಜ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ತಪ್ಪು. ಅವರ ತೊಂದರೆ ಕೀಲಿನ ಚಲನೆಗೆ ಅಡ್ಡಿಯಾಗಿದ್ದ ಅಂಗಾಂಶದ್ದು. ಅದನ್ನು ತೆಗೆದ ಮೇಲೆ ಹೊಸ ಮೂಳೆ ಕಟ್ಟುವವರೆಗೆ ಕಾಯಬೇಕಾಗಿರಲಿಲ್ಲ. ಅಷ್ಟಾದರೂ ಆ 17 ದಿನಗಳಲ್ಲಿ ಅವಸರಿಸಿದ್ದರಿಂದ ಇನ್ನೊಂದು ಕಾಲಿನ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಸೆಳೆತಕ್ಕೊಳಗಾಯಿತು.

ಆರಂಭ ಮತ್ತು ಏರಿಕೆ

ದಿನ ಎಣಿಸಿ ಓಟ ಆರಂಭಿಸುವುದಕ್ಕಿಂತ ಸಾಮರ್ಥ್ಯ ನೋಡಿ ಆರಂಭಿಸುವುದು ಉತ್ತಮ. ಅರ್ಧ ಗಂಟೆ ಬಿರುಸಾಗಿ ನಡೆದರೆ ಅಂದೂ ಮರುದಿನವೂ ನೋವಿರಬಾರದು; ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವುದು ಎರಡೂ ಬದಿಯಲ್ಲಿ ಸರಿಸುಮಾರು ಸಮವಾಗಿ, ಇಪ್ಪತ್ತರ ಆಸುಪಾಸಿಗೆ ಬಂದಿರಬೇಕು; ಒಂಟಿಕಾಲಿನ ಕುಪ್ಪಳಿಕೆ ಅಳುಕಿಲ್ಲದೆ ಆಗಬೇಕು. ಇವು ಆದ ಮೇಲೆ ಒಂದು ನಿಮಿಷ ಓಟ, ಒಂದೆರಡು ನಿಮಿಷ ನಡಿಗೆ ಎಂಬ ಸರದಿಯನ್ನು ಇಪ್ಪತ್ತರಿಂದ ಮೂವತ್ತು ನಿಮಿಷ, ದಿನ ಬಿಟ್ಟು ದಿನ ಮಾಡುತ್ತ, ಓಟದ ಪಾಲನ್ನು ಹಿಗ್ಗಿಸುತ್ತ ಹೋಗಬೇಕು. ನಡುವಿನ ನಡಿಗೆಯನ್ನು ಅವಮಾನವೆಂದು ಭಾವಿಸುವವರು ಬಹಳ. ಅಭ್ಯಾಸದ ಒಟ್ಟು ಅವಧಿಯನ್ನು ಕುಗ್ಗಿಸದೆ ಹೊರೆಯ ಆವರ್ತನೆಗಳನ್ನು ಕಡಿಮೆ ಮಾಡುವುದೇ ಅದರ ಕೆಲಸ.

ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ನಿಯಮ ಆಧರಿಸಿದ 13 ವಾರಗಳ ಕ್ರಮವನ್ನು 8 ವಾರಗಳ ಸಾಮಾನ್ಯ ಕ್ರಮದೊಂದಿಗೆ ಹೋಲಿಸಿದಾಗ, ಎರಡೂ ಗುಂಪುಗಳಲ್ಲಿ ಗಾಯಗೊಂಡವರು ಸುಮಾರು ಐದರಲ್ಲೊಬ್ಬರು. ಇನ್ನೊಂದು ಕಡೆಯಿಂದ ನೋಡಿದರೂ ಈ ಲೆಕ್ಕ ಮರಳುವವರಿಗೆ ಒಗ್ಗದು: ವಾರಕ್ಕೆ 5 ಕಿಲೋಮೀಟರ್ ಓಡುವವರಿಗೆ ಶೇ 10 ಎಂದರೆ ಅರ್ಧ ಕಿಲೋಮೀಟರ್, ಅದು ಅನಗತ್ಯ ಜಿಪುಣತನ, 60 ಕಿಲೋಮೀಟರ್ ಓಡುವವರಿಗೆ ಅದೇ ಶೇ 10 ಪ್ರತಿವಾರ ಸೇರುತ್ತ ಹೋದರೆ ದುಬಾರಿ. ಎರಡು ಮೂರು ವಾರ ಏರಿಸಿ ಒಂದು ವಾರ ಇಳಿಸುವುದು ನನ್ನ ದೃಷ್ಟಿಯಲ್ಲಿ ಮೂಳೆಯ ಲಯಕ್ಕೆ ಹೆಚ್ಚು ಹತ್ತಿರ.

ಏರಿಸುವ ಕ್ರಮದಲ್ಲಿ ಅವಧಿ ಮೊದಲು, ವೇಗ ಕೊನೆಗೆ. ಮೂಳೆಗೆ ಆಗುವ ಸವೆತ ಹೊರೆಯ ತೀವ್ರತೆಯೊಂದಿಗೆ ನೇರ ಅನುಪಾತದಲ್ಲಿ ಏರುವುದಿಲ್ಲ, ಅದಕ್ಕಿಂತ ಬಹಳ ಕಡಿದಾಗಿ ಏರುತ್ತದೆ. ಹಾಗಾಗಿ ನಿಧಾನವಾಗಿ ಸ್ವಲ್ಪ ಹೆಚ್ಚು ಹೊತ್ತು ಓಡುವುದಕ್ಕಿಂತ ಕಡಿಮೆ ಹೊತ್ತು ವೇಗವಾಗಿ ಓಡುವುದು ದುಬಾರಿಯಾಗಬಹುದು. ಹೆಜ್ಜೆಗಳನ್ನು ಕಿರಿದಾಗಿಸುವುದೂ ಇದೇ ಕಾರಣಕ್ಕೆ ನೆರವಾಗುತ್ತದೆ: ಬ್ರಯಾನ್ ಹೈಡರ್‌ಶೈಟ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ, ಅದೇ ವೇಗದಲ್ಲಿ ನಿಮಿಷದ ಹೆಜ್ಜೆಗಳನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿದಾಗ ಮೊಣಕಾಲು ಮತ್ತು ಸೊಂಟದ ಕೀಲುಗಳ ಮೇಲಿನ ಹೊರೆ ಗಮನಾರ್ಹವಾಗಿ ಇಳಿಯಿತು. ಎಲ್ಲರೂ ನಿಮಿಷಕ್ಕೆ 180 ಹೆಜ್ಜೆಗೆ ಬರಬೇಕೆಂಬ ನಿಯಮವೇನಿಲ್ಲ. ತಮ್ಮ ಈಗಿನ ಎಣಿಕೆಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು.

ಮೂಳೆಯ ಗಾಯ ಮರುಕಳಿಸುವವರು ತರಬೇತಿಯ ವೇಳಾಪಟ್ಟಿಯನ್ನಷ್ಟೇ ತಿದ್ದಿದರೆ ಸಾಲದು. ಓಟಕ್ಕೆ ಖರ್ಚಾಗುವಷ್ಟು ಶಕ್ತಿ ಆಹಾರದಿಂದ ಬಾರದೆ ಹೋದರೆ ಹಾರ್ಮೋನುಗಳು ಕುಗ್ಗಿ ಮೂಳೆ ಕಟ್ಟುವ ಕೆಲಸವೇ ಹಿಂದೆ ಬೀಳುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟು, ಅದು ಮಹಿಳೆಯರಿಗಷ್ಟೇ ಅಲ್ಲ ಪುರುಷರಿಗೂ ಆಗುತ್ತದೆಂದು ಸ್ಪಷ್ಟಪಡಿಸಿತು. ಮುಟ್ಟು ನಿಂತಿರುವುದು ಕಠಿಣ ಅಭ್ಯಾಸದ ಸಹಜ ಲಕ್ಷಣವೆಂಬ ಹಳೆಯ ನಂಬಿಕೆಯನ್ನು ಓಟಗಾರ್ತಿಯರೂ ತರಬೇತುದಾರರೂ ಬಿಡಬೇಕು. ಅದು ವೈದ್ಯರ ಬಳಿ ಹೋಗಬೇಕೆಂಬ ಸೂಚನೆ.

ನಲವತ್ತು ನಿಮಿಷದ ಸಲೀಸಾದ ಓಟ ವಾರದಲ್ಲಿ ಮೂರು ನಾಲ್ಕು ದಿನ ತೊಂದರೆಯಿಲ್ಲದೆ ಆಗುತ್ತ ಕೆಲವು ವಾರ ಕಳೆದ ಮೇಲೆ ವೇಗದ ಅಭ್ಯಾಸ ಸೇರಿಸಬಹುದು. ಮೊದಲು ಓಟದ ಕೊನೆಗೆ ಹದಿನೈದು ಇಪ್ಪತ್ತು ಸೆಕೆಂಡಿನ ನಾಲ್ಕೈದು ಚುರುಕು ಓಟಗಳು, ಆಮೇಲೆ ಏರುದಾರಿ, ಕಡೆಗೆ ದೀರ್ಘ ವೇಗದ ಓಟ. ಅಕಿಲಿಸ್ ತೊಂದರೆಯಿದ್ದವರು ಏರುದಾರಿಯನ್ನು ಇನ್ನೂ ತಡಮಾಡಬೇಕು, ಮೊಣಕಾಲ ಚಿಪ್ಪಿನ ನೋವಿದ್ದವರು ಇಳಿಜಾರನ್ನು. ಒಂದು ವಾರಕ್ಕೆ ಒಂದೇ ಅಂಶ ಬದಲಾದರೆ, ನೋವು ಮರಳಿದಾಗ ಅದಕ್ಕೆ ಕಾರಣ ಯಾವುದೆಂದು ಗುರುತಿಸಬಹುದು. ಸ್ನಾಯು ಅಥವಾ ರಜ್ಜುವಿನ ನೋವು ಮರಳಿದರೆ ಮತ್ತೆ ಸೊನ್ನೆಗೆ ಹೋಗುವ ಅಗತ್ಯವಿಲ್ಲ. ಕೊನೆಯ ಬಾರಿ ನೆಮ್ಮದಿಯಾಗಿದ್ದ ಹಂತಕ್ಕೆ ಇಳಿದು, ಅಲ್ಲಿ ಒಂದೆರಡು ವಾರ ಉಳಿದು ಮುಂದುವರಿಯಬಹುದು. ಬೆರಳಿನಿಂದ ತೋರಿಸಬಹುದಾದ ಮೂಳೆಯ ನೋವಿನ ವಿಷಯದಲ್ಲಿ ಮಾತ್ರ ಆ ರಿಯಾಯಿತಿಯಿಲ್ಲ: ಅಂದೇ ಓಟ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು.