21 ದಿನ ಚಾರ್ಟ್ ತುಂಬಿಸಿದ್ವಿ ಮೇಡಂ, 22ನೇ ದಿನ ಯಾಕೆ ಮತ್ತೆ ಹಳೇ ಕಥೆ?

ಪ್ರಶ್ನೆ: "ಮೇಡಂ, ನನ್ನ ಮಗ 7ನೇ ಕ್ಲಾಸು. ಬೇಗ ಮಲಗೋದು, ನೀರು ಕುಡಿಯೋದು, ತಿಂಡಿ ತಿನ್ನೋದು, ಆಟ ಆಡೋದು, ಕೈ ತೊಳೆಯೋದು ಅಂತ ಸ್ಕೂಲಲ್ಲಿ ಒಂದು ಚಾರ್ಟ್ ಕೊಟ್ಟಿದ್ರು. 21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗ್ಬಿಡುತ್ತೆ ಅಂದಿದ್ರು. ಹಿಂದೆ ಬಿದ್ದು ಮಾಡಿಸಿದ್ವಿ. ಮುಗಿದ ಮಾರನೇ ದಿನದಿಂದ ಮತ್ತೆ ಮೊದಲಿನ ಹಾಗೇ. ಇವನಲ್ಲೇ ಏನಾದ್ರೂ ತೊಂದ್ರೆ ಇದ್ಯಾ?"

ಇಲ್ಲ, ನಿಮ್ಮ ಮಗನಲ್ಲಿ ಏನೂ ತೊಂದ್ರೆ ಇಲ್ಲ. ಆರು, ಏಳು, ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡೋ ನನಗೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ, ತಂದೆ ತಾಯಂದಿರ ಮೀಟಿಂಗಲ್ಲಿ ಕೇಳ್ತಾರೆ, ಬೇರೆ ಶಾಲೆ ಟೀಚರ್‌ಗಳು ಫೋನ್ ಮಾಡಿ ಕೇಳ್ತಾರೆ, ಮದುವೆ ಮನೇಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರೂ ಕೇಳಿದ್ದಾರೆ. ಪ್ರತಿ ಸಲ ಅದೇ ಉತ್ತರ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದು ಸಲ ಪೂರ್ತಿಯಾಗಿ ಬರೆದುಬಿಡ್ತೀನಿ.

ಮೊದಲು ಆ 21 ದಿನದ ವಿಚಾರ. ಇದು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ರು. 1960ರಲ್ಲಿ ಅವರು ಬರೆದ ಒಂದು ಪುಸ್ತಕದಲ್ಲಿ ಒಂದು ಮಾತಿದೆ, ಮುಖದ ಆಪರೇಷನ್ ಮಾಡಿಸ್ಕೊಂಡವರಿಗೆ ಕನ್ನಡಿಯಲ್ಲಿ ಕಾಣೋ ಹೊಸ ಮುಖ ತನ್ನದೇ ಅನ್ನಿಸೋಕೆ ಸುಮಾರು 21 ದಿನ ಆದ್ರೂ ಬೇಕು ಅಂತ. ಕೈಯೋ ಕಾಲೋ ತೆಗೆಸಿಕೊಂಡವರಿಗೆ ಅದು ಇನ್ನೂ ಇದೆ ಅನ್ನಿಸೋದೂ ಹೆಚ್ಚುಕಮ್ಮಿ ಅಷ್ಟೇ ದಿನ ಅಂತ. ಇಷ್ಟೇ. ಇದರಲ್ಲಿ ನೀರು ಕುಡಿಯೋದು ಎಲ್ಲಿದೆ, ಬೇಗ ಮಲಗೋದು ಎಲ್ಲಿದೆ? ಹೊಸ ಮೂಗಿಗೆ ಒಗ್ಗಿಕೊಳ್ಳೋಕೆ ನೀವೇನೂ ಮಾಡಬೇಕಾಗಿಲ್ಲ, ಮೂಗು ಅದರ ಪಾಡಿಗೆ ಮುಖದ ಮೇಲೆ ಇರುತ್ತೆ. ರಾತ್ರಿ ಮೊಬೈಲ್ ಪಕ್ಕಕ್ಕಿಟ್ಟು ಮಲಗೋದು ಹಾಗಲ್ಲ, ಪ್ರತಿ ರಾತ್ರಿ ಮಗುನೇ ಮಾಡಬೇಕು. ಅದೂ ಅಲ್ದೆ ಅವರು ಬರೆದಿದ್ದು "ಕಡಿಮೆ ಅಂದ್ರೂ", "ಸುಮಾರು" ಅಂತ. ಒಬ್ಬರ ಬಾಯಿಂದ ಒಬ್ಬರಿಗೆ ಹೋಗ್ತಾ ಹೋಗ್ತಾ ಆ "ಕಡಿಮೆ ಅಂದ್ರೂ" ಉದುರಿಹೋಯ್ತು, "ಸುಮಾರು" ಉದುರಿಹೋಯ್ತು, ಕೊನೆಗೆ 21 ದಿನ ಅನ್ನೋ ಒಂದು ನಂಬರ್ ಉಳ್ಕೊಂಡು ನಮ್ಮ ತಾಲ್ಲೂಕಿನ ಶಾಲೆ ಗೋಡೆ ಮೇಲೆ ಚಾರ್ಟಾಗಿ ಬಂದು ಕೂತಿದೆ.

ಹಾಗಾದ್ರೆ ನಿಜವಾಗ್ಲೂ ಎಷ್ಟು ದಿನ ಬೇಕು ಅಂತ ಕೇಳ್ತೀರಲ್ಲ, ಅದನ್ನ ಅಳೆದು ನೋಡಿದವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತೆ ಅವರ ಜೊತೆಯವರು 96 ಜನರಿಗೆ ತಿನ್ನೋದು, ಕುಡಿಯೋದು ಅಥವಾ ವ್ಯಾಯಾಮ, ಇದರಲ್ಲಿ ಒಂದೇ ಒಂದು ಅಭ್ಯಾಸ ಆರಿಸ್ಕೊಳ್ಳಿ ಅಂದ್ರು. ಅದನ್ನ ದಿನಾ ಆಗೋ ಒಂದು ಕೆಲಸಕ್ಕೆ ಜೋಡಿಸಬೇಕು, ಮಧ್ಯಾಹ್ನ ಊಟದ ಜೊತೆ ಒಂದು ಹಣ್ಣು, ರಾತ್ರಿ ಊಟಕ್ಕೆ ಮುಂಚೆ ಕಾಲು ಗಂಟೆ ಓಟ, ಹೀಗೆ. 12 ವಾರ ನೋಡಿದ್ರು. ನೆನಪು ಮಾಡ್ಕೊಳ್ಳದೇ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯ್ತು. ಕೆಲವರಿಗೆ 18 ದಿನಕ್ಕೇ ಆಯ್ತು, ಇನ್ನೊಂದು ತುದಿಯಲ್ಲಿದ್ದವರಿಗೆ 254 ದಿನ ಬೇಕಾಗುತ್ತೆ ಅಂತ ಅವರ ಲೆಕ್ಕ ತೋರಿಸ್ತು. ನೀರು ಕುಡಿಯೋದು ಬೇಗ ಕೂತ್ಕೊಳ್ತು, ವ್ಯಾಯಾಮ ನಿಧಾನ. ಇದು ಪ್ರಿಂಟಾಗಿದ್ದು 2010ರಲ್ಲಿ, ಅಷ್ಟು ವರ್ಷ ಆದ್ರೂ 21 ಇನ್ನೂ ಗೋಡೆ ಬಿಟ್ಟು ಇಳಿದಿಲ್ಲ.

ಈಗ ದಯವಿಟ್ಟು 21 ಅಳಿಸಿ 66 ಅಂತ ಬರೀಬೇಡಿ. ಆ 96 ಜನ ಯೂನಿವರ್ಸಿಟಿಯವರು, ದೊಡ್ಡವರು, ಹನ್ನೆರಡು ವರ್ಷದ ಮಕ್ಕಳಲ್ಲ. 18ಕ್ಕೂ 254ಕ್ಕೂ ಎಷ್ಟು ಅಂತರ ನೋಡಿ, ಒಂದೇ ತರಗತಿಯ ಮಕ್ಕಳಿಗೆಲ್ಲ ಒಂದೇ ದಿನ ಮುಗಿಯೋ ಚಾರ್ಟ್ ಕೊಡೋದೇ ತಪ್ಪು ಅಂತ ಅದು ಹೇಳ್ತಿದೆ. ಇನ್ನು ಕೆಲವರು ನಮ್ಮಲ್ಲಿ ಮಂಡಲ ಅಂತ ಇಲ್ವಾ, 48 ದಿನ, ಅದನ್ನೇ ಇಟ್ಕೊಳ್ಳೋಣ ಅಂತಾರೆ. ಇಟ್ಕೊಳ್ಳಿ, ಆದ್ರೆ ಮಂಡಲ ವ್ರತಕ್ಕೆ, ಔಷಧಿ ತಗೊಳ್ಳೋಕೆ ಇರೋ ಅವಧಿ, 49ನೇ ದಿನ ವ್ರತ ಮುಗಿಯುತ್ತೆ. ನಮಗೆ ಬೇಕಾಗಿರೋದು ಮುಗಿಯದೇ ಇರೋದು.

ನನಗೆ ಜಾಸ್ತಿ ಸಂಕಟ ಆಗೋದು ಬೇರೆ ಕಡೆ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಮಧ್ಯದಲ್ಲಿ ಒಂದು ದಿನ ತಪ್ಪಿದ್ರೆ ಅಭ್ಯಾಸಕ್ಕೆ ಹೇಳ್ಕೊಳ್ಳೋ ಅಂಥ ಧಕ್ಕೆ ಏನೂ ಆಗಲ್ಲ. ನಮ್ಮ ಚಾರ್ಟು ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತೆ, "ಬಿಡದೆ" 21 ದಿನ ಅಂತ. ಮಗು ಏಳನೇ ದಿನ ಅಜ್ಜಿ ಊರಿಗೆ ಹೋಗುತ್ತೆ, ಜಾತ್ರೆ, ರಾತ್ರಿ ಹನ್ನೊಂದಕ್ಕೆ ಮಲಗುತ್ತೆ, ಒಂದು ಖಾನೆ ಖಾಲಿ. ಅಲ್ಲಿಗೆ ಅದರ ಮನಸ್ಸಲ್ಲಿ ಮುಗೀತು. ಆಮೇಲೆ ಎರಡೇ ದಾರಿ, ಬಿಟ್ಟುಬಿಡೋದು ಇಲ್ಲಾ ಸುಳ್ಳು ಟಿಕ್ ಹಾಕೋದು. ಚಾರ್ಟ್‌ಗೆ ಮಾರ್ಕ್ಸ್ ಅಥವಾ ಬಹುಮಾನ ಇದ್ರಂತೂ ಬಿಡಿ. ಬಹುಮಾನ ಇಟ್ಟ ವರ್ಷ ನನ್ನ ಟೇಬಲ್ ಮೇಲೆ ಬಂದು ಬಿದ್ದ ಚಾರ್ಟುಗಳಲ್ಲಿ 21 ಟಿಕ್ಕೂ ಒಂದೇ ಪೆನ್ನು, ಒಂದೇ ವಾಲು, ಒಂದೇ ಸಲ ಕೂತು ಹಾಕಿದ್ದು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಆರೋಗ್ಯ ಕಲಿಸೋಕೆ ಹೋಗಿ ಸುಳ್ಳು ಬರೆಯೋದು ಕಲಿಸಿದ್ವಲ್ಲ ಅಂತ ಅವತ್ತು ತುಂಬಾ ಬೇಜಾರಾಯ್ತು. ಮಕ್ಕಳನ್ನ ಬೈಯಲಿಲ್ಲ, ಬೈಯೋಕೆ ಅವರ ತಪ್ಪೇನೂ ಇರಲಿಲ್ಲ.

ಅವತ್ತಿಂದ ನಾನು ಮಾಡೋದು ಬೇರೆ. ಮೊದಲನೇ ವಾರ ಏನನ್ನೂ ಬದಲಾಯಿಸೋದಿಲ್ಲ. ಬರೀ ನೋಡೋದು. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಏನು ತಿಂದೆ, ಎಷ್ಟು ನೀರು ಕುಡಿದೆ, ಎಷ್ಟೊತ್ತು ಆಡಿದೆ, ಎಷ್ಟೊತ್ತಿಗೆ ಮಲಗಿದೆ, ಆದದ್ದು ಆದ ಹಾಗೆ. ಟಿಕ್ ಇಲ್ಲ, ಸರಿ ತಪ್ಪು ಇಲ್ಲ, ಮಾರ್ಕ್ಸ್ ಇಲ್ಲ, ಮನೇಲಿ ಯಾರೂ ತೆಗೆದು ನೋಡೋ ಹಾಗಿಲ್ಲ, ಮಗು ತಾನಾಗಿ ತೋರಿಸಿದ್ರೆ ಮಾತ್ರ ನಾನೂ ನೋಡೋದು. ಇದನ್ನ ತಂದೆ ತಾಯಿಗೆ ಒಪ್ಪಿಸೋದೇ ಕಷ್ಟ, "ನೋಡದೇ ಹೋದ್ರೆ ಬರೀತಾನಾ ಮೇಡಂ" ಅಂತಾರೆ. ಬರೀತಾರೆ. ಯಾರೂ ನೋಡಲ್ಲ ಅಂದಾಗಲೇ ನಿಜ ಬರೀತಾರೆ.

ವಾರ ಮುಗಿದ ಮೇಲೆ ಒಂದು ಪೀರಿಯಡ್‌ನಲ್ಲಿ ಅದನ್ನ ಅವರೇ ಓದ್ಕೊಳ್ತಾರೆ. ನಾನು "ಯಾಕೆ" ಅಂತ ಕೇಳಲ್ಲ. ಯಾಕೆ ತಿಂಡಿ ತಿಂದಿಲ್ಲ ಅಂದ್ರೆ ಮಗುವಿಗೆ ಅದು ವಿಚಾರಣೆ, ತಲೆ ತಗ್ಗಿಸಿ ನಿಲ್ಲುತ್ತೆ. ಯಾವಾಗ, ಎಲ್ಲಿ, ಅದಕ್ಕೆ ಮುಂಚೆ ಏನಾಗ್ತಿತ್ತು, ಇಷ್ಟು ಕೇಳಿದ್ರೆ ಸಾಕು, ಕಾರಣ ತಾನಾಗೇ ಹೊರಗೆ ಬರುತ್ತೆ. ಒಬ್ಬಳು 7ನೇ ಕ್ಲಾಸ್ ಹುಡುಗಿಯ ಪುಸ್ತಕದಲ್ಲಿ ನೀರಿನ ಸಾಲಲ್ಲಿ ಸೋಮವಾರದಿಂದ ಶುಕ್ರವಾರದ ತನಕ ಶಾಲೆ ಹೊತ್ತಿಗೆ "ಇಲ್ಲ, ಇಲ್ಲ" ಅಂತಲೇ ಇತ್ತು, ಶನಿವಾರ ಮನೆಗೆ ಹೋದ್ಮೇಲೆ ಎರಡು ಲೋಟ, ಭಾನುವಾರ ಆರು ಲೋಟ. ನಾನು ಅದೆಷ್ಟು ಸಲ ಕ್ಲಾಸಲ್ಲಿ ನೀರು ಕುಡೀರಿ ಕುಡೀರಿ ಅಂತ ಪಾಠ ಮಾಡಿದ್ದೆ, ವಾಟರ್ ಬೆಲ್ಲೂ ಹೊಡೆಸ್ತಿದ್ದೆ. ಭಾನುವಾರ ಆರು ಲೋಟ ಕುಡಿಯೋ ಹುಡುಗಿಗೆ ನೀರಿನ ಮಹತ್ವ ಗೊತ್ತಿಲ್ದೇ ಇರುತ್ತಾ? ಮೆಲ್ಲಗೆ ಕೇಳಿದ್ರೆ ಅಂದ್ಲು, "ಟಾಯ್ಲೆಟ್ಟಿಗೆ ಚಿಲಕ ಇಲ್ಲ ಮಿಸ್, ಒಬ್ಬರು ಹೊರಗಡೆ ಬಾಗ್ಲು ಹಿಡ್ಕೊಂಡು ನಿಲ್ಲಬೇಕು, ಹಿಡಿಯೋಳು ಬಂದಿಲ್ಲ ಅಂದ್ರೆ ಹೋಗಕ್ಕಾಗಲ್ಲ, ಅದಕ್ಕೆ ಕುಡಿಯಲ್ಲ." ಎಸ್‌ಡಿಎಂಸಿಯವರಿಗೆ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರಿಗೆ ಹೇಳಿ ಮಾರನೇ ದಿನವೇ ಚಿಲಕ ಹಾಕಿಸಿದ್ವಿ. ಯಾವ ಚಾರ್ಟೂ ಬೇಕಾಗ್ಲಿಲ್ಲ, ಎಷ್ಟೋ ಹುಡುಗಿಯರ ಬಾಟ್ಲಿ ಮಧ್ಯಾಹ್ನದ ಹೊತ್ತಿಗೆ ಖಾಲಿ ಆಗೋಕೆ ಶುರುವಾಯ್ತು. ಆ ಹುಡುಗಿಗೆ ನಾನು ಅಷ್ಟು ದಿನ ಕೊಟ್ಟ ಉಪದೇಶ ನೆನೆಸ್ಕೊಂಡ್ರೆ ಈಗಲೂ ಕಷ್ಟ ಆಗುತ್ತೆ.

ಅದಕ್ಕೇ ಹೇಳೋದು, ಅಭ್ಯಾಸ ಅಂತ ನಾವು ಬೈಯೋದರಲ್ಲಿ ಅರ್ಧ ಮಗುವಿನ ಕೈಯಲ್ಲೇ ಇರಲ್ಲ. ನಿದ್ದೆನೇ ತಗೊಳ್ಳಿ. 6ರಿಂದ 12 ವರ್ಷದ ತನಕ 9ರಿಂದ 12 ಗಂಟೆ ನಿದ್ದೆ ಬೇಕು, 13 ಆದ್ಮೇಲೆ 8ರಿಂದ 10. ಆರು ಗಂಟೆಗೆ ಏಳೋ ಮಗು ಒಂಬತ್ತಕ್ಕೆ ಮಲಗಿರಬೇಕು ಅಂತ ಲೆಕ್ಕ ಮಕ್ಕಳೇ ಮಾಡ್ತಾರೆ. ಆದ್ರೆ ಮನೇಲಿ ಇರೋದು ಒಂದೇ ರೂಮು, ಅಲ್ಲೇ ಟಿವಿ, ಅಲ್ಲೇ ಹಾಸಿಗೆ, ಸೀರಿಯಲ್ ಮುಗಿಯೋದು ಹತ್ತಕ್ಕೆ, ಮಗು ಯಾರ ಮುಂದೆ ಹೋಗಿ ಆಫ್ ಮಾಡಿ ಅನ್ನುತ್ತೆ? ಜೊತೆಗೆ ಈ ವಯಸ್ಸಲ್ಲಿ ದೇಹದ ಒಳಗಿನ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತೆ, ನಿದ್ದೆ ತರಿಸೋ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತೆ, ಹಾಗಾಗಿ ಎಂಟನೇ ಕ್ಲಾಸ್ ಹುಡುಗ ಒಂಬತ್ತಕ್ಕೆ "ನಿದ್ದೆ ಬರ್ತಿಲ್ಲ" ಅಂದ್ರೆ ಅದು ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ. ಲೈಟು, ಮೊಬೈಲು ಅದನ್ನ ಇನ್ನೂ ತಡ ಮಾಡುತ್ತೆ, ಅದು ನಿಜ, ಆದ್ರೆ ಅವನ್ನ ಆಫ್ ಮಾಡೋದು ಇಡೀ ಮನೆ ಸೇರಿ ಮಾಡಬೇಕಾದ ಕೆಲಸ.

ಎರಡನೇ ವಾರದಿಂದ ಒಂದೇ ಒಂದು ಅಭ್ಯಾಸ, ಐದಲ್ಲ. ಅದನ್ನ ಮಗುವೇ ಆರಿಸ್ಕೋಬೇಕು, ನೀವಲ್ಲ, ನಾನಲ್ಲ. ಮತ್ತೆ ಅದು ಈಗಾಗ್ಲೇ ದಿನಾ ಆಗ್ತಿರೋ ಒಂದು ಕೆಲಸದ ಬಾಲ ಹಿಡ್ಕೊಂಡು ಬರಬೇಕು. "ದಿನಾ ಜಾಸ್ತಿ ನೀರು ಕುಡೀತೀನಿ" ಅಂದ್ರೆ ಎರಡೇ ದಿನಕ್ಕೆ ಮರೆತುಹೋಗುತ್ತೆ. "ಬಿಸಿಯೂಟದ ತಟ್ಟೆ ತೊಳೆದ ಕೂಡ್ಲೇ ಬಾಟ್ಲಿ ತುಂಬಿಸ್ತೀನಿ" ಅಂದ್ರೆ ತಟ್ಟೆ ತೊಳೆಯೋದೇ ನೆನಪು ಮಾಡಿಸುತ್ತೆ. "ಶಾಲೆಯಿಂದ ಬಂದು ಬ್ಯಾಗ್ ಇಟ್ಟ ಮೇಲೆ ಮೊಬೈಲ್ ಮುಟ್ಟೋಕೆ ಮುಂಚೆ ಹೊರಗೆ ಆಟ" ಅಂತ ಒಬ್ಬ ಬರೆದಿದ್ದ, ಎಷ್ಟೊತ್ತು ಅಂತ ಕೇಳಿದ್ರೆ "ಅಮ್ಮ ಕರೆಯೋ ತನಕ" ಅಂದ, ಅದಕ್ಕಿಂತ ಒಳ್ಳೇ ಅಳತೆ ನನಗೆ ಗೊತ್ತಿಲ್ಲ. ದಿನಕ್ಕೆ 60 ನಿಮಿಷ ಮೈ ಬೆವರೋ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಕಬಡ್ಡಿ, ಖೋ ಖೋ ಶುರುವಾದ್ರೆ ತಾನಾಗೇ ದಾಟುತ್ತೆ. ತಪ್ಪಿದ ದಿನ ಖಾನೆ ಖಾಲಿ ಬಿಡೋದು, ಮಾರನೇ ದಿನ ಮುಂದುವರಿಸೋದು, ಅಷ್ಟೇ. ಶುರು ಮಾಡೋಕೆ ಒಳ್ಳೇ ಟೈಮ್ ಜೂನ್, ಶಾಲೆ ತೆಗೆದು ಎರಡು ವಾರ ಆದ್ಮೇಲೆ, ದಸರಾ ರಜದ ತನಕ ಮೂರು ತಿಂಗಳಿಗೂ ಜಾಸ್ತಿ ಸಿಗುತ್ತೆ. ರಜದಲ್ಲಿ ಬಿಟ್ಟುಹೋಗಬಹುದು, ಬಂದ್ಮೇಲೆ ಮತ್ತೆ ಹಿಡಿಯೋದು ಮೊದಲಿಗಿಂತ ಸುಲಭ ಅನ್ನೋದು ನಾನು ಕಣ್ಣಾರೆ ಕಂಡಿದ್ದು.

ಈ ನೋಟ್‌ಬುಕ್‌ಗಳಿಂದ ಗೊತ್ತಾದ ಇನ್ನೊಂದು ವಿಷಯ ಇದೆ, ಯಾರೂ ಕೇಳಿಲ್ಲ, ಆದ್ರೂ ಹೇಳಲೇಬೇಕು. ಟೀ. ಬೆಳಗ್ಗೆ ತಿಂಡಿ ಅನ್ನೋ ಜಾಗದಲ್ಲಿ ಎಷ್ಟು ಮಕ್ಕಳು "ಟೀ, ಬನ್ನು", "ಟೀ, ಬಿಸ್ಕೆಟ್" ಅಂತ ಬರೀತಾರೆ ಅಂದ್ರೆ ಮೊದಲನೇ ಸಲ ನೋಡಿದಾಗ ನನಗೆ ದಿಗಿಲಾಯ್ತು. ಕೂಲಿಗೆ, ಗಾರ್ಮೆಂಟ್ಸ್‌ಗೆ ಬೆಳಗ್ಗೆನೇ ಹೋಗೋ ತಾಯಂದಿರು ಅಡುಗೆ ಮಾಡಿಟ್ಟು ಹೋಗೋಕೆ ಆಗದೇ ಇರೋದು ನನಗೆ ಗೊತ್ತು, ಅವರನ್ನ ದೂರ್ತಿಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿ ಬಿಸಿ ಹಾಲು ಎಷ್ಟೋ ಮಕ್ಕಳಿಗೆ ಬೆಳಗಿನ ಮೊದಲನೇ ಸರಿಯಾದ ಆಹಾರ, ಅದನ್ನ ಚೆಲ್ಲಬಾರದು ಅಂತ ನಾನು ಗಟ್ಟಿಯಾಗಿ ಹೇಳೋದು ಅದಕ್ಕೇ.

ಟೀ ವಿಚಾರ ಬಂದಾಗ ಕಬ್ಬಿಣದ ಮಾತ್ರೆ ವಿಚಾರ ಬರಲೇಬೇಕು. ಶಾಲೇಲಿ ವಾರಕ್ಕೊಂದು ಕೊಡೋ ನೀಲಿ ಮಾತ್ರೆ ಇದ್ಯಲ್ಲ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಜೊತೆಗೆ ಫೋಲಿಕ್ ಆಸಿಡ್. ಟೀಯಲ್ಲಿರೋ ಟ್ಯಾನಿನ್ ಥರದ ಅಂಶಗಳು ಕಬ್ಬಿಣವನ್ನ ಹಿಡಿದಿಟ್ಕೊಂಡು ರಕ್ತಕ್ಕೆ ಸೇರೋದನ್ನ ಕಡಿಮೆ ಮಾಡುತ್ತವೆ. ಖಾಲಿ ಹೊಟ್ಟೇಲಿ ನುಂಗಿದ್ರೆ ವಾಕರಿಕೆ ಬರಬಹುದು, ಅದಕ್ಕೇ ಬಿಸಿಯೂಟ ಆದ್ಮೇಲೆ ಕೊಡೋದು. ಮಾರನೇ ದಿನ ಮಲ ಕಪ್ಪಗೆ ಹೋದ್ರೆ ಗಾಬರಿಯಾಗಿ ಮಾತ್ರೆ ಬಿಡಿಸ್ಬೇಡಿ, ದೇಹಕ್ಕೆ ಸೇರದೆ ಉಳಿದ ಕಬ್ಬಿಣ ಅದು, ತೊಂದ್ರೆ ಇಲ್ಲ. ಪ್ರತಿ ವರ್ಷ ಇದೇ ಕಾರಣಕ್ಕೆ "ನಮ್ ಮಗೂಗೆ ಕೊಡ್ಬೇಡಿ ಮಿಸ್" ಅಂತ ಬರೋರು ಇದ್ದಾರೆ, ಅವರನ್ನ ಕೂರಿಸಿ ಇಷ್ಟನ್ನೂ ಹೇಳ್ತೀನಿ. ನಿಂಬೆ ಹಿಂಡಿದ ಚಿತ್ರಾನ್ನ, ಸೀಬೆಹಣ್ಣು, ನೆಲ್ಲಿಕಾಯಿ ಇವು ಕಬ್ಬಿಣ ಸೇರೋಕೆ ಸಹಾಯ ಮಾಡುತ್ತವೆ, ನಮ್ಮೂರಲ್ಲಿ ಸೀಬೆ ಗಿಡ ಇಲ್ಲದ ಬೀದಿ ಇಲ್ಲ.

ಹಾಗಾದ್ರೆ ಟೀ ಬಿಡಿಸ್ಬೇಕಾ ಅಂದ್ರೆ, ಈ ವಯಸ್ಸಿಗೆ ಟೀ ಬೇಕಾಗಿಲ್ಲ, ಆದ್ರೆ ಒಂದೇ ದಿನಕ್ಕೆ ನಿಲ್ಲಿಸಿ ಜಗಳ ಮಾಡ್ಕೋಬೇಡಿ. ಮೊದಲು ಊಟಕ್ಕೂ ಟೀಗೂ ಮಧ್ಯೆ ಒಂದು ಗಂಟೆ ಅಂತರ ತನ್ನಿ, ಮಾತ್ರೆ ದಿನ ಅಂತೂ ಖಂಡಿತ. ಆಮೇಲೆ ಲೋಟ ಸಣ್ಣದು ಮಾಡಿ. ಬನ್ನಿನ ಜಾಗಕ್ಕೆ ರಾತ್ರಿ ಉಳಿದ ಮುದ್ದೆಯನ್ನ ಮಜ್ಜಿಗೇಲಿ ಕಿವುಚಿ ಒಂಚೂರು ಉಪ್ಪು ಹಾಕಿ ಕೊಟ್ಟು ನೋಡಿ, ಒಲೆ ಹಚ್ಚೋ ಕೆಲಸ ಇಲ್ಲ, ಐದು ನಿಮಿಷ ಸಾಕು, ಆರನೇ ಕ್ಲಾಸ್ ಮಗು ತಾನೇ ಮಾಡ್ಕೊಳ್ಳುತ್ತೆ.